ಬಣವಿ ನೋಡದ ಪಂಚ

ವಳಸಂಗದ ಕಟ್ಟೆಯ ಮೇಲೆ ಜತ್ತಿನ ಬಸ್ಸಿಗೆ ಕಾಯುತ್ತಿದ್ದ ಬಳೆಗಾರ್ತಿ ಮಹಮುದಾಳ ಕಿವಿ ಪಕ್ಕದ ಇಬ್ಬರತ್ತ ಹೊರಳಿತು. ಇಬ್ಬರೂ ಹೊರಟದ್ದು ಕೋರ್ಟಿಗೆ. ಬಾವಿಯ ಮೋಟರು ಕಳುವಾದ ಕೇಸಿನಲ್ಲಿ ಕುರಿ ಕಾಯುವ ಅಮಸಿದ್ದ ಆರೋಪಿ. ಪಂಕ್ಚರ್ ಅಂಗಡಿಯ ಶೌಕತ, ಮಾಲು ಸಿಕ್ಕಿದ್ದನ್ನು ಕಂಡೆನೆಂದು ಪೊಲೀಸರಿಗೆ ಸಹಿ ಹಾಕಿಕೊಟ್ಟ ಪಂಚ.

"ಕಾಕಾ, ಮೋಟರ್ ಎಲ್ಲಿ ಸಿಕ್ಕಿತ್ರಿ?"

"ನಮ್ಮ ಕಣಕಿ ಬಣವ್ಯಾಗ. ಸಹಿ ಮಾಡಿದವ ನೀನ, ನನ್ನ ಕೇಳ್ತಿ?"

"ಹವಾಲ್ದಾರ ಅಂಗಡಿಗೇ ಬಂದು ಮಾಡಿಸ್ಕೊಂಡು ಹೋದ. ಬಣವಿ ನಾ ನೋಡೇ ಇಲ್ರಿ."

"ಬೇವಿನ ಗಿಡದ ಬಾಜೂಕ ಇತ್ತು ಅನ್ನು. ತಡವರಿಸಿದಿ ಅಂದ್ರ ಸಾಹೇಬ್ರು ಬೈತಾರ."

"ಹಂಗ ಹೇಳಿದ್ರ ನಿಮಗ ಸಜಾ ಆಗ್ತದಲ್ರಿ?"

"ಆಗ್ಲಿ ಬಿಡೋ. ಇಲ್ಲಂದ್ರ ಮತ್ತ ತಾರೀಖ ಕೊಡ್ತಾರ. ಕುರಿ ಬಿಟ್ಟು ಎಷ್ಟ ಸಲ ಬರೂದು?"

ಶೌಕತ ದನಿ ತಗ್ಗಿಸಿದ.

"ಖರೇ ಹೇಳ್ರಿ ಕಾಕಾ, ಮೋಟರ್ ನೀವ ಕದ್ದೀರೇನು?"

"ಇಷ್ಟು ವರ್ಷದಾಗ ಹಂಗ ಕೇಳಿದವ ನೀನ ಮೊದಲನೇವ."

ಮುಂದಿನ ಮಾತು ಕೇಳಲು ಮಹಮುದಾ ಬಳೆಬುಟ್ಟಿ ಸಮೇತ ಹತ್ತಿರ ಸರಿದು ಕೂತಳು. ಅಷ್ಟರಲ್ಲಿ ಬಸ್ಸು ಬಂತು. ಅಮಸಿದ್ದ ಹೆಗಲ ಮೇಲಿನ ಟವೆಲನ್ನು ಕಿಟಕಿಯೊಳಗೆ ಎಸೆದು, ಪಂಚನಿಗೂ ಸೇರಿಸಿ ಜಾಗ ಹಿಡಿದ.