ಕೇಳದೆ ಹಾಕಿದ ಟಿಕ್ಕು

ಈ ಸನ್ಮಾನ ಸಭೆಯ ಅಧ್ಯಕ್ಷರಾದ ಶ್ರೀ ಕೊಟ್ರಪ್ಪನವರೇ, ವೇದಿಕೆಯನ್ನು ಅಲಂಕರಿಸಿರುವ ನಮ್ಮ ಪಕ್ಷದ ಅಭ್ಯರ್ಥಿಗಳೇ, ನಾಗಸಂದ್ರದ ಕಾರ್ಯಕರ್ತ ಬಂಧುಗಳೇ, ಊಟದ ಹಾಲಿನ ಕಡೆಗೆ ಆಗಲೇ ಎರಡು ಸಲ ತಿರುಗಿ ನೋಡಿರುವ ಸಭಿಕರೇ,

ಈ ಪಟ್ಟಾಭಿರಾಮನಿಗೆ ಶಾಲು ಹೊದಿಸಿದ್ದೀರಿ, ಪೇಟ ತೊಡಿಸಿದ್ದೀರಿ. ಪೇಟ ಸ್ವಲ್ಪ ದೊಡ್ಡದಾಗಿ ಹುಬ್ಬಿನವರೆಗೆ ಇಳಿದಿದೆ, ಇರಲಿ. ಯಾಕೆ ಈ ಗೌರವ? ನಲವತ್ತು ವರ್ಷ ಒಂದೇ ಪಕ್ಷಕ್ಕೆ, ಒಂದೇ ಮತಗಟ್ಟೆಯಲ್ಲಿ ಏಜೆಂಟಾಗಿ ಕೂತೆ ಎಂದು. ಕಾರ್ಖಾನೆಗೆ ರಜೆ ಹಾಕಿ ಮನೆ ಮನೆ ತಿರುಗಿದೆ ಎಂದು.

ನಮ್ಮ ಕೆಲಸ ನಿಮಗೆ ಗೊತ್ತು. ಮತದಾರರ ಪಟ್ಟಿಯಲ್ಲಿ ನಮ್ಮವರ ಹೆಸರಿನ ಮುಂದೆ ನೀಲಿ ಟಿಕ್ಕು, ಎದುರು ಪಕ್ಷದವರಿಗೆ ಕೆಂಪು ಗೀಟು, ಅನುಮಾನದವರಿಗೆ ಪೆನ್ಸಿಲಿನ ಪ್ರಶ್ನಾರ್ಥಕ ಚಿಹ್ನೆ. ಬಾಗಿಲು ತಟ್ಟದೆ, ಮಾತಾಡಿಸದೆ ನಾನು ಒಂದು ಗುರುತೂ ಹಾಕಿದವನಲ್ಲ. ಹಾಗೆಂದುಕೊಂಡಿದ್ದೆ.

ಕಳೆದ ತಿಂಗಳು ಆ ಪಟ್ಟಿ ನನ್ನ ಮೊಮ್ಮಗಳು ಶರಣ್ಯಳ ಕೈಗೆ ಸಿಕ್ಕಿತು. ಇಪ್ಪತ್ತು ವರ್ಷ, ಪೀಣ್ಯದಲ್ಲಿ ಟೂಲ್ ಡಿಸೈನ್ ಟ್ರೈನಿ, ಈ ಸಲವೇ ಮೊದಲ ಮತ.

"ತಾತ, ನನ್ ಹೆಸ್ರಿಗೆ ನೀಲಿ ಟಿಕ್ ಹಾಕಿದ್ಯಲ್ಲ, ನನ್ನ ಯಾವಾಗ ಕೇಳ್ದೆ?" ಎಂದಳು.

ನಾನು ನಕ್ಕೆ. ಮನೆಯವರನ್ನೂ ಕೇಳುವುದುಂಟೆ?

"ಹೋದ್ ಸಲ ನೀನು ಬಾಯಿಗ್ ಬಂದಂಗೆ ಬೈತಿದ್ದವ್ರೇ ಈ ಸಲ ನಿಮ್ ಕ್ಯಾಂಡಿಡೇಟು. ಅವ್ರು ಅಲ್ಲಿಂದ ಇಲ್ಲಿಗೆ ಜಿಗೀಬೋದು, ನಾವ್ ಮಾತ್ರ ಇದ್ದಲ್ಲೇ ಇರ್ಬೇಕಾ? ನಮ್ಗೆ ಎಲ್ಲಾ ಪಕ್ಷನೂ ಒಂದೇ ತರ ಕಾಣತ್ತೆ. ವೋಟ್ ಹಾಕಲ್ಲ ಅಂತಿಲ್ಲ ತಾತ, ಹಾಕ್ತೀನಿ. ಕೇಳ್ದೆ ಬರ್ಕೋಬೇಡ ಅಂತಿದ್ದೀನಿ."

ಅಭ್ಯರ್ಥಿಗಳು ಮನ್ನಿಸಬೇಕು. ಆಗ ತಾವು ಎದುರು ಪಕ್ಷದಲ್ಲಿದ್ದಿರಿ, ಬೈಯುವುದು ನನ್ನ ಕೆಲಸವಾಗಿತ್ತು.

ಅಷ್ಟರಲ್ಲಿ ಅಡುಗೆಮನೆಯಿಂದ ನನ್ನ ಶ್ರೀಮತಿ ಸುಬ್ಬಲಕ್ಷ್ಮಿಯ ದನಿ: "ನನ್ನೂ ಯಾವತ್ತೂ ಕೇಳಿಲ್ಲ ಕಣೇ. ಅದಕ್ಕೇ ಎರಡ್ ಸಲ ಬೇರೆಯವ್ರಿಗ್ ಹಾಕ್ದೆ!" ಒಂದು ಚುನಾವಣೆಯಲ್ಲಿ ನಮ್ಮ ವಾರ್ಡಿನಲ್ಲಿ ಪಕ್ಷ ಒಂದೇ ಒಂದು ಮತದಿಂದ ಸೋತಿತ್ತು. ಅದು ಯಾವ ವರ್ಷ ಎಂದು ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ಇಷ್ಟಾದರೂ ಬುದ್ಧಿ ಬಂತೆ? ಮೊನ್ನೆ ಅಧ್ಯಕ್ಷರು ಫೋನಿನಲ್ಲಿ, "ಸಾರ್, ಶರಣ್ಯ ಯುವ ಘಟಕ ಸೇರ್ತಾಳೆ ಅಂತ ಸ್ಟೇಜ್ ಮೇಲೇ ಅನೌನ್ಸ್ ಮಾಡ್ಬಿಡಿ" ಎಂದರು. ನಾನು ಹೂಂ ಎಂದುಬಿಟ್ಟೆ. ಮತ್ತೆ ಕೇಳದೆ! ನಿನ್ನೆ ಅವಳಿಗೆ ಗೊತ್ತಾಯಿತು. ಘೋಷಿಸಿದರೆ ಇನ್ನೆಂದೂ ನನ್ನ ಜೊತೆ ರಾಜಕೀಯ ಮಾತಾಡುವುದಿಲ್ಲ ಎಂದಳು. ಸಭಿಕರೇ, ಅವಳ ಜೊತೆ ಜಗಳವಿಲ್ಲದ ಬೆಳಗಿನ ಕಾಫಿ ನನಗೆ ರುಚಿಸುವುದಿಲ್ಲ. ಆ ಹುಡುಗಿಯೆಂದರೆ ನನಗೆ ಪ್ರಾಣ.

ಈಗ ಗೆಳತಿಯರ ಜೊತೆ ಹಿಂದಿನ ಸಾಲಿನಲ್ಲಿ ಕೈಕಟ್ಟಿ ಕೂತು ನನ್ನನ್ನೇ ನೋಡುತ್ತಿದ್ದಾಳೆ. ಆದ್ದರಿಂದ ಘೋಷಣೆ ಇಲ್ಲ. ಅಧ್ಯಕ್ಷರೇ, ಗಾಬರಿ ಬೇಡ, ನೀರು ಕುಡಿಯಿರಿ. ಅಭ್ಯರ್ಥಿಗಳು ಊಟದ ಎಲೆಯನ್ನು ಆ ಹುಡುಗಿಯರ ಪಂಕ್ತಿಯಲ್ಲೇ ಹಾಕಿಸಿಕೊಳ್ಳಲಿ. ಭಾಷಣ ಬೇಡ, ಅವರು ಕೇಳಿದ್ದಕ್ಕೆ ಉತ್ತರ ಕೊಟ್ಟರೆ ಸಾಕು.

ಇನ್ನೊಂದು ಮಾತು. ನಿನ್ನೆ ಪಟ್ಟಿಯಲ್ಲಿ ಅವಳ ಟಿಕ್ಕನ್ನು ಅಳಿಸಿದೆ, ಹೆಂಡತಿಯದನ್ನೂ ಅಳಿಸಿದೆ. ಆಮೇಲೆ ಪಟ್ಟಾಭಿರಾಮ ಎಂಬ ಹೆಸರು ಬಂತು. ಬಹಳ ಹೊತ್ತು ನೋಡಿದೆ. ಅದರ ಟಿಕ್ಕನ್ನೂ ಅಳಿಸಿ ಪೆನ್ಸಿಲಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೇನೆ. ಎಷ್ಟು ಹಗುರವಾಯಿತು ಗೊತ್ತೆ! ನನ್ನ ಮತ ಬೇಕಾದವರು ಮನೆಗೆ ಬಂದು ಕೇಳಬಹುದು. ಕಾಫಿ ಕೊಡುತ್ತೇವೆ.

ತಾಳ್ಮೆಯಿಂದ ಕೇಳಿಸಿಕೊಂಡ ನಿಮಗೆಲ್ಲ ಕೃತಜ್ಞತೆಗಳು. ಶಾಲು ವಾಪಸು ಬೇಕಿದ್ದರೆ ಕೊಡುತ್ತೇನೆ. ನಮಸ್ಕಾರ.