ಉಳಿದ ದುಡ್ಡು

ಶಿಡ್ಲಘಟ್ಟ ಬಸ್‌ಸ್ಟ್ಯಾಂಡಿನ ಬೆಂಚಿನಲ್ಲಿ ಕೂತಿದ್ದ ಬಿಸ್ಮಿಲ್ಲಾ ಬೀಗೆ ಪಕ್ಕದ ಅಣ್ಣ ತಂಗಿಯ ಮಾತು ಕೇಳಿಸಿತು. ತೀರಿಹೋದ ಅಮ್ಮನ ಆಸ್ಪತ್ರೆಗೆಂದು ಇಬ್ಬರೂ ಸೇರಿ ಎತ್ತಿಟ್ಟಿದ್ದ ದುಡ್ಡಿನ ಲೆಕ್ಕ.

“ಆಟೋಗೆ ಅಂದ್ಕೊಂಡಿದ್ದಕ್ಕಿಂತ ಎರಡರಷ್ಟು ಹೋಗಿದೆ. ಏನಮ್ಮ, ಆಟೋನೇ ಕೊಂಡ್ಬಿಟ್ಯಾ?”

“ಇಂಜೆಕ್ಷನ್ ಹಾಕಿಸ್ಕೊಂಡು ಬರೋವಾಗೆಲ್ಲ ಹಿಪ್ಪುನೇರಳೆ ತೋಟದ ಕಡೆ ತಿರುಗಿಸು ಅಂತಿದ್ಲು ಅಮ್ಮ. ಬೇಡ ಅನ್ನಕ್ಕಾಗ್ಲಿಲ್ಲ ಕಣಣ್ಣ.”

“ಹೋಗ್ಲಿ ಬಿಡು. ಇಂಜೆಕ್ಷನ್ ದುಡ್ಡು?”

“ವರ್ಷಕ್ಕೆ ಅಂತ ಇಟ್ಟಿದ್ವಲ್ಲ. ಮೂರೇ ತಿಂಗಳಿಂದು ಖರ್ಚಾಗಿದ್ದು.”

ಅಣ್ಣ ಲೆಕ್ಕದ ಚೀಟಿ ಮಡಚಿದ. ಬಿಸ್ಮಿಲ್ಲಾ ಬೀ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದರು.

“ಉಳಿದಿದ್ದು ನೀನೇ ಇಟ್ಕೋ ಅಣ್ಣ.”

“ನಂಗ್ಯಾಕಮ್ಮ ಅದು.”

ಮೇಲೂರಿನ ಬಸ್ಸು ಬಂತು. ಇಬ್ಬರೂ ಎದ್ದರು.

“ದುಡ್ಡು ಸಾಲ್ದೇ ಹೋಗಿದ್ರೆ ಎಷ್ಟು ಚೆನ್ನಾಗಿತ್ತಣ್ಣ,” ಎನ್ನುತ್ತಾ ತಂಗಿ ಮೆಟ್ಟಿಲು ಹತ್ತಿದಳು.