ಸೇತುವೆಯ ಮೇಲೆ ಐದು ಮಂದಿ

"ಹಲೋ... ಯಾರ್ರಿ ಮಾತಾಡೋದು?... ಹಾಂ? ಜೋರಾಗಿ ಮಾತಾಡ್ರಿ, ಕೇಳಸವಲ್ದು..."

ಗಂಗಾವತಿಯ ಮನೆಯ ಅಡುಗೆಕೋಣೆಯಲ್ಲಿ ನಿಂತಿದ್ದ ಶಾಯಿಸ್ತಾ ಫೋನನ್ನು ಕಿವಿಗೆ ಒತ್ತಿಕೊಂಡಳು. ನಂಬರು ಹೊರದೇಶದ್ದು. ದನಿಯ ಗುರುತು ಹತ್ತಿದೊಡನೆ ಅವಳು ಒಲೆಯ ಉರಿ ಸಣ್ಣದು ಮಾಡಿದಳು.

"ಓಹೋ, ಅಂಜಲಿ! ಜಾರ್ಜಿಯಾದಾಗ ಕುಂತು ನನ್ನ ನೆನಪಾತೇನು?... ಅಳಬ್ಯಾಡಬೇ. ಅತ್ತರ ಏನೂ ತಿಳಿಯಂಗಿಲ್ಲ."

...

"ಹಾಂ, ನಿಮ್ಮಪ್ಪಾರು ನಿನ್ನ ವಿಚಾರ ಕೇಳಾಕ ಈಗರ ಕುಷ್ಟಗಿಯಿಂದ ಬಂದ್ರು. ಪಡಸಾಲ್ಯಾಗ ನಮ್ಮ ಅಬ್ಬಾನ ಕೂಡ ಕುಂತಾರ... ಹೂಂ, ಮೊಬೈಲನ್ಯಾಗ ಫೋಟೋ ಐತಿ. ನೀ ದೋಣ್ಯಾಗ ಕುಂತೀದಿ, ಬಾಜೂಕ ಒಬ್ಬ ಹುಡುಗ ಅದಾನ... ಯಾರು ಕಳಿಸಿದ್ರೋ ನನಗೇನು ಗೊತ್ತು?"

ಇಬ್ಬರೂ ಡಾಕ್ಟರಾಗಲು ಕೂಡಿಯೇ ಜಾರ್ಜಿಯಾಕ್ಕೆ ಹೋಗಿದ್ದರು. ಒಂದೇ ಕೋಣೆ, ಒಂದೇ ಕುಕ್ಕರು. ಹೋದ ವರ್ಷ ಒಂದು ಶನಿವಾರ ಐದು ಮಂದಿ ಗೆಳೆಯರು ರೈಲು ಹತ್ತಿ ತಿಬಿಲಿಸಿ ನಗರ ನೋಡಲು ಹೋದರು. ಗುಡ್ಡದ ಮೇಲಿನ ಕೋಟೆ ಹತ್ತುವಾಗ ಶಾಯಿಸ್ತಾ "ನಮ್ಮ ಹೇಮಗುಡ್ಡದಂಗ ಐತಲ್ಲ" ಎಂದು ಎಲ್ಲರನ್ನೂ ನಗಿಸಿದ್ದಳು. ಇಳಿಹೊತ್ತಿನಲ್ಲಿ ಹೊಳೆಯ ಸೇತುವೆ ಮೇಲೆ ಐವರೂ ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡರು. ಅದೇ ಫೋಟೋ ಅವಳ ಕಾಕಾ ಮೌಲಾಹುಸೇನನ ಮೊಬೈಲಿಗೆ ಬಂದಾಗ ಅದರಲ್ಲಿ ಉಳಿದವರು ಇಬ್ಬರೇ: ಶಾಯಿಸ್ತಾ ಮತ್ತು ಆ ಗೆಳೆಯರಲ್ಲೊಬ್ಬನಾದ ನಜೀಬ. ಅವಳ ತಂದೆ ಉಮರಸಾಬ ಬೈಯಲಿಲ್ಲ, ಏನೂ ಕೇಳಲೂ ಇಲ್ಲ. ರಜೆಗೆ ಬಂದವಳನ್ನು ತಿರುಗಿ ಕಳಿಸಲಿಲ್ಲ, ಅಷ್ಟೆ.

"ಏನು? ಹಳೇ ಫೋಟೋ ಅಂತ ಹೇಳ್ಲೇನು? ಹೋದ ವರ್ಷ ನಾವೆಲ್ಲಾ ತಿಬಿಲಿಸಿಗೆ ಹೋದಾಗಿಂದು ಅಂತ?... ಮತ್ತ ಇದು ಮೊನ್ನೆ ಶನಿವಾರದ್ದು, ಹೌದಿಲ್ಲೋ?... ಹೌದಿಲ್ಲೋ, ಹೇಳಬೇ!"

...

"ಆತು, ನನ್ನ ಬಾಯಿಂದ ಖರೇ ಮಾತು ಹೊರಗ ಬರಂಗಿಲ್ಲ. ಮೊದಲ ನೀ ಒಂದು ಹೇಳು. ನನ್ನ ಫೋಟೋ ಕತ್ತರಿಸಿದವ್ರು ಯಾರು?... ಗೊತ್ತಿಲ್ಲಾ? ಛಲೋ ಆತು, ಇಡ್ತೀನಿ ಫೋನು... ಇಡಬ್ಯಾಡಂದ್ರ ಬಾಯಿ ಬಿಡು."

ಒಲೆ ಆರಿಸಿ ಅವಳು ಪಡಸಾಲೆಗೆ ನಡೆದಳು. ಹೊಸ್ತಿಲಲ್ಲಿ ನಿಂತು ಸ್ಪೀಕರ್ ಒತ್ತಿದಳು. ಚಾಪೆಯ ಮೇಲಿದ್ದ ಇಬ್ಬರು ತಂದೆಯರೂ ತಲೆ ಎತ್ತಿದರು. ಬಾಯಿಯ ಮೇಲೆ ಬೆರಳಿಟ್ಟು ಅವರನ್ನು ಸುಮ್ಮನಿರಿಸಿದಳು.

"ಇನ್ನೊಮ್ಮೆ ಹೇಳು... ನೀನ ಕತ್ತರಿಸಿ ನೀನ ಕಳಿಸಿದಿ?... ಅವತ್ತು ಎಷ್ಟು ಮಂದಿ ಇದ್ವಿ?... ಐದು ಮಂದಿ. ಮತ್ತ ಯಾಕ?... ನಾ ಪಾಸಾದೆ, ನೀ ಫೇಲಾದಿ, ಅದಕ್ಕ?"

ಉಮರಸಾಬ ಎದ್ದು ಬಂದು ಮಗಳ ತಲೆಯ ಮೇಲೆ ಕೈಯಿಡಲು ಹೋದ. ಅವಳು ತಲೆ ಸರಿಸಿಕೊಂಡಳು. ಒಂದು ಮಾತು ಕೇಳಿದ್ದರೆ ಅಂದೇ ಹೇಳುತ್ತಿದ್ದಳಲ್ಲ!

"ಈಗ ನಿನ್ನ ಕೆಲಸಕ್ಕ ಬರೋಣು. ನಿಮ್ಮಪ್ಪಾರಿಗೆ ಏನಂತ ಹೇಳ್ಲಿ?... ಓದಾಕತ್ತಿದ್ಲು ಅಂತ... ಆ ಹುಡುಗನ ಸುದ್ದಿ ತಗೀಬಾರದು... ಶನಿವಾರ, ಆಯ್ತವಾರ ಇಬ್ರೂ ತಿಬಿಲಿಸ್ಯಾಗ ಇದ್ದದ್ದು ಹೇಳಬಾರದು. ಮತ್ತ?"

ಅಂಜಲಿಯ ತಂದೆ ಶರಣಬಸವ ಕೈಯಲ್ಲಿದ್ದ ಮೊಬೈಲನ್ನು ಮೆಲ್ಲಗೆ ನೆಲಕ್ಕಿಟ್ಟ. ಆ ಮುಖ ನೋಡಿ ಶಾಯಿಸ್ತಾಳ ಹೆಬ್ಬೆರಳು ಒಂದು ಗಳಿಗೆ ಕೆಂಪು ಗುಂಡಿಯ ಹತ್ತಿರ ಹೋಯಿತು. ತನ್ನ ತಂದೆಯೂ ಹೀಗೇ ಕುಳಿತಿದ್ದ ದಿನ ನೆನಪಾಯಿತು. ಬೆರಳನ್ನು ಹಿಂದಕ್ಕೆಳೆದುಕೊಂಡಳು.

"ಹಾಂ?... ಯಾರು ಕೆಮ್ಮಿದ್ರಂದ್ರ?... ನಿಮ್ಮಪ್ಪಾರು. ನನ್ನ ಎದುರಿಗೇ ಅದಾರ... ಹೌದು, ಸ್ಪೀಕರ್ ಹಾಕೀನಿ, ಆಗಿಂದನೂ... ಮೋಸ? ನನಗ ಹೇಳ್ತಿಯೇನು ಮೋಸ ಅಂತ?... ಇಲ್ಲವಾ, ನಾ ಕೊಟ್ಟ ಮಾತು ತಪ್ಪಿಲ್ಲ. ಒಂದಕ್ಷರನೂ ಹೇಳಿಲ್ಲ. ಎಲ್ಲಾ ನೀನ ಹೇಳಿದಿ... ತಡಿ, ಇಡಬ್ಯಾಡ, ನಿಮ್ಮಪ್ಪಾರು ಕೈ ಚಾಚ್ಯಾರ, ಕೊಡ್ತೀನಿ... ಹಲೋ?... ಅಂಜಲಿ?... ಹಲೋ..."